ಸುತ್ತಿಗೆ ಬೆಲೆ, ಬಿಲ್ಲಿನ ಬೆಲೆ, ಮಾರಿದವರ ಕೈಸೇರುವ ಬೆಲೆ: ಕಲಾ ಹರಾಜಿನ ಲೆಕ್ಕ

2023ರ ಮೇ 23ರಂದು ಲಂಡನ್ನಿನ ಬೋನಮ್ಸ್ ಹರಾಜು ಸಂಸ್ಥೆಯಲ್ಲಿ ಟಿಪ್ಪು ಸುಲ್ತಾನನ ಮಲಗುವ ಕೋಣೆಯ ಕತ್ತಿ 1,40,80,900 ಪೌಂಡಿಗೆ ಮಾರಾಟವಾಯಿತು. ರೂಪಾಯಿ ಲೆಕ್ಕದಲ್ಲಿ 140 ಕೋಟಿಗೂ ಹೆಚ್ಚು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನೆ ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟ ಕತ್ತಿ ಅದು. ಸುದ್ದಿಯಲ್ಲಿ ಬಂದ ಮೊತ್ತ ಸರಿಯಾಗಿಯೇ ಇತ್ತು. ಆದರೆ ಹರಾಜು ನಡೆದ ಕೋಣೆಯಲ್ಲಿ ಆ ಮೊತ್ತವನ್ನು ಯಾರೂ ಕೂಗಿರಲಿಲ್ಲ. ಕೊನೆಯ ಕೂಗು ನಿಂತದ್ದು 1 ಕೋಟಿ 20 ಲಕ್ಷ ಪೌಂಡಿಗೆ. ಉಳಿದ 20,80,900 ಪೌಂಡು ಸಂಸ್ಥೆ ಕೊಂಡವರಿಂದ ಪ್ರತ್ಯೇಕವಾಗಿ ವಸೂಲು ಮಾಡುವ ಶುಲ್ಕ. ಅದಕ್ಕೆ ಬೈಯರ್ಸ್ ಪ್ರೀಮಿಯಂ ಎನ್ನುತ್ತಾರೆ.

ಕಲಾ ಹರಾಜಿನ ಸುದ್ದಿ ಓದುವಾಗ ಮೂರು ಬೆಲೆಗಳನ್ನು ಬೇರೆಬೇರೆ ಇಟ್ಟುಕೊಳ್ಳಬೇಕು. ಹರಾಜುಗಾರ ಸುತ್ತಿಗೆ ಬಡಿದಾಗ ನಿಂತ ಬೆಲೆ ಒಂದು. ಕೊಂಡವರು ಕಟ್ಟುವ ಬಿಲ್ಲಿನ ಬೆಲೆ ಇನ್ನೊಂದು. ಎಲ್ಲ ಕಡಿತ ಕಳೆದು ಮಾರಿದವರ ಖಾತೆಗೆ ಬೀಳುವ ಹಣ ಮೂರನೆಯದು. ಪತ್ರಿಕೆಗೆ ಬರುವುದು ಸಾಮಾನ್ಯವಾಗಿ ಎರಡನೆಯದು ಮಾತ್ರ. ಯಾಕೆಂದರೆ ಸಂಸ್ಥೆಗಳು ಪ್ರಕಟಿಸುವ ಫಲಿತಾಂಶದಲ್ಲಿ ಪ್ರೀಮಿಯಂ ಸೇರಿಸಿಯೇ ಇರುತ್ತದೆ.

ಪ್ರೀಮಿಯಂ ಒಂದೇ ದರದ್ದಲ್ಲ. ಆದಾಯ ತೆರಿಗೆಯ ಹಾಗೆ ಹಂತಹಂತವಾಗಿ ಬೀಳುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಮೊತ್ತ ಏರಿದಂತೆ ದರ ಇಳಿಯುತ್ತದೆ. ಕತ್ತಿಯ ಲೆಕ್ಕವನ್ನೇ ಬಿಡಿಸಿ ನೋಡಿ. ಮೊದಲ 40,000 ಪೌಂಡಿಗೆ ಶೇ 28, ಅಂದರೆ 11,200. ಅಲ್ಲಿಂದ 8 ಲಕ್ಷದವರೆಗೆ ಶೇ 27, ಅಂದರೆ 2,05,200. ಅಲ್ಲಿಂದ 45 ಲಕ್ಷದವರೆಗೆ ಶೇ 21, ಅಂದರೆ 7,77,000. ಉಳಿದ 75 ಲಕ್ಷಕ್ಕೆ ಶೇ 14.5, ಅಂದರೆ 10,87,500. ನಾಲ್ಕನ್ನೂ ಕೂಡಿದರೆ 20,80,900. ಯಾವ ದೊಡ್ಡ ಸಂಸ್ಥೆಯ ಫಲಿತಾಂಶವನ್ನಾದರೂ ಹೀಗೆ ಹಿಮ್ಮುಖವಾಗಿ ಬಿಡಿಸಿ ಸುತ್ತಿಗೆ ಬೆಲೆ ಕಂಡುಹಿಡಿಯಬಹುದು. ಆ ದಿನ ಜಾರಿಯಲ್ಲಿದ್ದ ದರಪಟ್ಟಿ ಕೈಯಲ್ಲಿದ್ದರೆ ಸಾಕು. ದರಗಳು ಆಗಾಗ ಬದಲಾಗುತ್ತವೆ. ಸದಬೀಸ್ ಎಂಬ ಇನ್ನೊಂದು ದೊಡ್ಡ ಹರಾಜು ಸಂಸ್ಥೆ 2024ರ ಮೇ ತಿಂಗಳಲ್ಲಿ 60 ಲಕ್ಷ ಡಾಲರ್‌ವರೆಗೆ ಶೇ 20, ಅದರ ಮೇಲೆ ಶೇ 10 ಎಂದು ಸರಳಗೊಳಿಸಿತು. ವರ್ಷ ತುಂಬುವುದರೊಳಗೆ ಅದನ್ನು ಕೈಬಿಟ್ಟು, 2025ರ ಫೆಬ್ರವರಿಯಿಂದ 20 ಲಕ್ಷ ಡಾಲರ್‌ವರೆಗೆ ಶೇ 27, 80 ಲಕ್ಷದವರೆಗೆ ಶೇ 22, ಅದರ ಮೇಲೆ ಶೇ 15 ಎಂದು ಮಾಡಿತು.

ಈ ಶುಲ್ಕ ಪುರಾತನವಾದದ್ದೇನೂ ಅಲ್ಲ. ಸದಬೀಸ್ ಹುಟ್ಟಿದ್ದು 1744ರಲ್ಲಿ, ಕ್ರಿಸ್ಟೀಸ್ 1766ರಲ್ಲಿ. ಇಬ್ಬರೂ ಲಂಡನ್ನಿನಲ್ಲಿ ಕೊಂಡವರಿಂದ ಪ್ರೀಮಿಯಂ ಪಡೆಯಲು ಶುರುಮಾಡಿದ್ದು 1975ರಲ್ಲಿ, ಅದೂ ಶೇ 10ರ ದರದಲ್ಲಿ. ಅಲ್ಲಿಯವರೆಗೆ ಅವರ ಆದಾಯ ಬರುತ್ತಿದ್ದುದು ಮುಖ್ಯವಾಗಿ ಮಾರುವವರ ಕಮಿಷನ್ನಿನಿಂದ.

ಈಗ ಅಂದಾಜು ಬೆಲೆಗೆ ಬರೋಣ. ಹೆಚ್ಚು ಜನ ಎಡವುವುದು ಇಲ್ಲೇ. ಕ್ಯಾಟಲಾಗಿನಲ್ಲಿ ಪ್ರತಿ ಲಾಟಿನ, ಅಂದರೆ ಹರಾಜಿಗಿಟ್ಟ ಒಂದೊಂದು ವಸ್ತುವಿನ, ಕೆಳಗೆ ‘25 ಲಕ್ಷದಿಂದ 35 ಲಕ್ಷ’ ಎಂಬಂತೆ ಎರಡು ಅಂಕಿಗಳಿರುತ್ತವೆ. ಇವು ಸುತ್ತಿಗೆ ಬೆಲೆಯ ಅಂದಾಜು, ಪ್ರೀಮಿಯಂ ಇವುಗಳಲ್ಲಿ ಸೇರಿಲ್ಲ. ಫಲಿತಾಂಶದಲ್ಲಿ ಮಾತ್ರ ಪ್ರೀಮಿಯಂ ಸೇರಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಮಾರುಕಟ್ಟೆ ಇದ್ದುದಕ್ಕಿಂತ ಬಿಸಿಯಾಗಿ ಕಾಣುತ್ತದೆ. ಒಂದು ಚಿತ್ರಕ್ಕೆ 10ರಿಂದ 15 ಲಕ್ಷ ರೂಪಾಯಿ ಅಂದಾಜಿತ್ತು, ಅದು 10 ಲಕ್ಷ 80 ಸಾವಿರಕ್ಕೆ ಹೋಯಿತು ಎಂದುಕೊಳ್ಳಿ. ‘ಅಂದಾಜಿನೊಳಗೇ ಮಾರಾಟ’ ಎಂದು ಸುದ್ದಿಯಾಗುತ್ತದೆ. ಆದರೆ ಪ್ರೀಮಿಯಂ ಶೇ 20 ಆಗಿದ್ದರೆ ಸುತ್ತಿಗೆ ಬಿದ್ದದ್ದು 9 ಲಕ್ಷಕ್ಕೆ. ಅಂದಾಜಿನ ತಳವನ್ನೂ ಅದು ಮುಟ್ಟಿಲ್ಲ.

ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ಕ್ಕೂ ಇದೇ ಅಳತೆ ಹಿಡಿಯೋಣ. 1954ರ ಈ ಕೃತಿ ಸುಮಾರು 14 ಅಡಿ ಅಗಲದ್ದು, ಹದಿಮೂರು ಹಳ್ಳಿ ದೃಶ್ಯಗಳನ್ನು ಜೋಡಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕೆಲಸಕ್ಕೆ ದೆಹಲಿಗೆ ಬಂದಿದ್ದ ನಾರ್ವೆಯ ವೈದ್ಯ ಲಿಯೋನ್ ವೊಲೊಡಾರ್ಸ್ಕಿ ಅದನ್ನು ಕೊಂಡರು. ಮುಂದೆ ಅದು ಓಸ್ಲೋದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಸೇರಿ, ದಶಕಗಳ ಕಾಲ ಹೊರಜಗತ್ತಿನ ಕಣ್ಣಿಗೆ ಬೀಳದೆ ಉಳಿಯಿತು. 2025ರ ಮಾರ್ಚ್ 19ರಂದು ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ಅದು 1 ಕೋಟಿ 37.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅಂದಾಜು ಇದ್ದದ್ದು 25ರಿಂದ 35 ಲಕ್ಷ ಡಾಲರ್. ಕ್ರಿಸ್ಟೀಸ್‌ನ ಆಗಿನ ದರ 10 ಲಕ್ಷದವರೆಗೆ ಶೇ 26, 60 ಲಕ್ಷದವರೆಗೆ ಶೇ 21, ಮೇಲಿನದಕ್ಕೆ ಶೇ 15. ಬಿಡಿಸಿದರೆ ಸುತ್ತಿಗೆ ಬೆಲೆ 1 ಕೋಟಿ 16 ಲಕ್ಷ, ಪ್ರೀಮಿಯಂ 21.5 ಲಕ್ಷ. ಹಾಗಾಗಿ ಮೇಲಿನ ಅಂದಾಜಿನ ಸುಮಾರು ನಾಲ್ಕು ಪಟ್ಟು ಎನ್ನುವುದಕ್ಕಿಂತ ಮೂರೂಕಾಲು ಪಟ್ಟು ಎನ್ನುವುದು ಸರಿ. ಆದರೂ ಇದು ಅಸಾಮಾನ್ಯ ಏರಿಕೆ. ಆಧುನಿಕ ಭಾರತೀಯ ಕಲೆಯ ಹಿಂದಿನ ಹರಾಜು ದಾಖಲೆಗಳನ್ನೆಲ್ಲ ಅದು ಬಹಳ ಹಿಂದೆ ಬಿಟ್ಟಿತು.

ಅಂದಾಜನ್ನು ಬೇಕೆಂದೇ ಕಡಿಮೆ ಇಡುವುದೂ ಉಂಟು. ಕಡಿಮೆ ಅಂದಾಜು ಕಂಡರೆ ಹೆಚ್ಚು ಜನ ಕೈ ಎತ್ತುತ್ತಾರೆ. ಇಬ್ಬರು ಹಟಕ್ಕೆ ಬಿದ್ದರೆ ಸಾಕು, ಬೆಲೆ ತಾನೇ ಏರುತ್ತದೆ. ಅಂದಾಜನ್ನು ಆಸೆಬುರುಕತನದಿಂದ ಮೇಲಿಟ್ಟರೆ ಮೊದಲ ಕೂಗಿಗೇ ಕೋಣೆ ತಣ್ಣಗಾಗುತ್ತದೆ. ಅಂದಾಜನ್ನು ಕಡಿಮೆ ಇಡಿ ಎಂಬುದೇ ಮಾರುವವರಿಗೆ ಸಂಸ್ಥೆಯ ತಜ್ಞರು ಕೊಡುವ ಸಲಹೆಗಳಲ್ಲಿ ಅತಿ ಮುಖ್ಯವಾದದ್ದು, ಮಾರುವವರು ಅತಿ ಕಡಿಮೆ ಕಿವಿಗೆ ಹಾಕಿಕೊಳ್ಳುವುದೂ ಇದನ್ನೇ.

ಅಂದಾಜಿನ ಹಿಂದೆ ಇನ್ನೊಂದು ಗುಟ್ಟಿನ ಅಂಕಿ ಇರುತ್ತದೆ. ಅದು ರಿಸರ್ವ್, ಅಂದರೆ ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾರುವವರೂ ಸಂಸ್ಥೆಯೂ ಒಪ್ಪಿಕೊಂಡ ತಳಬೆಲೆ. ದೊಡ್ಡ ಸಂಸ್ಥೆಗಳ ನಿಯಮದಂತೆ ಅದು ಕೆಳ ಅಂದಾಜನ್ನು ಮೀರುವಂತಿಲ್ಲ. ರಿಸರ್ವ್ ಮುಟ್ಟುವವರೆಗೆ ಹರಾಜುಗಾರ ಮಾರುವವರ ಪರವಾಗಿ ತಾನೇ ಬೆಲೆ ಏರಿಸಬಹುದು. ಕೋಣೆಯಲ್ಲಿ ಯಾರೂ ಕೈ ಎತ್ತದಿದ್ದರೂ ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಅಂಕಿ ಹೇಳುತ್ತಾ ಹೋಗುತ್ತಾನೆ. ತೂಗುದೀಪದಿಂದ ಬಿಡ್ ಪಡೆಯುತ್ತಾನೆ ಎಂದು ಈ ವೃತ್ತಿಯವರು ಹೇಳುವುದು ಇದನ್ನೇ. ಇದು ಮೋಸವಲ್ಲ, ಷರತ್ತುಗಳಲ್ಲಿ ಬರೆದೇ ಇರುತ್ತದೆ. ಮಿತಿ ಒಂದೇ: ರಿಸರ್ವ್ ಮುಟ್ಟುವ ಮೊದಲೇ ಅದು ನಿಲ್ಲಬೇಕು. ಆಮೇಲಿನ ಪ್ರತಿ ಕೂಗೂ ನಿಜವಾದ ಗಿರಾಕಿಯದೇ ಆಗಿರಬೇಕು. ಪರದೆಯಲ್ಲಿ ಹರಾಜು ನೋಡುವವರು ಆರಂಭದ ನಾಲ್ಕಾರು ಕೂಗುಗಳನ್ನು ಪೈಪೋಟಿ ಎಂದು ಎಣಿಸಬಾರದು.

ಕೂಗಿನ ಮೆಟ್ಟಿಲುಗಳೂ ಮೊದಲೇ ಗೊತ್ತಾಗಿರುತ್ತವೆ. ಸುಮಾರಾಗಿ ಪ್ರತಿ ಮೆಟ್ಟಿಲೂ ಇರುವ ಬೆಲೆಯ ಶೇ 10ರಷ್ಟು: 5,000ದಿಂದ 10,000ದವರೆಗೆ 500ರಂತೆ, 10,000ದಿಂದ 20,000ದವರೆಗೆ 1,000ದಂತೆ, 50,000ದಿಂದ 1 ಲಕ್ಷದವರೆಗೆ 5,000ದಂತೆ. ದೊಡ್ಡ ಮೊತ್ತಗಳಲ್ಲಿ ಹರಾಜುಗಾರನ ವಿವೇಚನೆಯೇ ನಿಯಮ. ಕೊಳ್ಳುವವರು ಮೆಟ್ಟಿಲನ್ನು ಹಾರಲೂಬಹುದು. 2017ರ ನವೆಂಬರ್ 15ರಂದು ಲಿಯೊನಾರ್ಡೊ ಡ ವಿಂಚಿಯ ಹೆಸರಿನಲ್ಲಿ ‘ಸಾಲ್ವತೋರ್ ಮುಂಡಿ’ ಕ್ರಿಸ್ಟೀಸ್‌ನಲ್ಲಿ ಹರಾಜಾದಾಗ ಬೆಲೆ 37 ಕೋಟಿ ಡಾಲರ್‌ನಲ್ಲಿತ್ತು. ಫೋನಿನಲ್ಲಿದ್ದ ಗಿರಾಕಿ ನೇರ 40 ಕೋಟಿಗೆ ಜಿಗಿದರು, ಎದುರಾಳಿ ಅಲ್ಲಿಗೆ ಕೈಬಿಟ್ಟರು. ಪ್ರೀಮಿಯಂ ಸೇರಿ 45,03,12,500 ಡಾಲರ್. ಹರಾಜಿನಲ್ಲಿ ಯಾವುದೇ ಕಲಾಕೃತಿಗೆ ಬಂದ ಅತಿ ದೊಡ್ಡ ಬೆಲೆಯಾಗಿ ಅದು ಉಳಿದುಕೊಂಡಿದೆ.

ಲಾಟು ರಿಸರ್ವ್ ಮುಟ್ಟದೇ ಹೋದರೆ ಹರಾಜುಗಾರ ‘ಪಾಸ್’ ಎನ್ನುತ್ತಾನೆ. ಕೃತಿ ಮಾರಲು ತಂದವರಿಗೇ ವಾಪಸು. 2025ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸದಬೀಸ್‌ನಲ್ಲಿ ಶಿಲ್ಪಿ ಜಾಕೊಮೆತ್ತಿಯ ಕಂಚಿನ ತಲೆ ‘ಗ್ರಾಂದ್ ತೆತ್ ಮ್ಯಾಂಸ್’ಗೆ ಆದದ್ದು ಇದೇ. ನಿರೀಕ್ಷೆ 7 ಕೋಟಿ ಡಾಲರ್‌ಗೂ ಮೇಲೆ ಇತ್ತು. ಕೂಗು 5.9 ಕೋಟಿಯಿಂದ ಶುರುವಾಗಿ 6.425 ಕೋಟಿಗೆ ನಿಂತಿತು, ಮಾರಾಟವಾಗಲಿಲ್ಲ. ಕೃತಿಯಲ್ಲಿ ಕೊರತೆಯೇನೂ ಇರಲಿಲ್ಲ. ಅಂದಾಜು ಮೇಲಿತ್ತು, ಗ್ಯಾರಂಟಿ ಇರಲಿಲ್ಲ. ಹೀಗೆ ಎಲ್ಲರ ಕಣ್ಣೆದುರು ಬಿದ್ದುಹೋದ ಕೃತಿಯನ್ನು ಮರುವರ್ಷವೇ ತಂದರೆ ಕೊಳ್ಳುವವರು ‘ಹೋದ ಸಲ ಯಾರಿಗೂ ಬೇಡವಾಗಿತ್ತಲ್ಲ’ ಎಂದು ಬೆಲೆ ಜಗ್ಗುತ್ತಾರೆ. ಅದಕ್ಕೇ ಮಾಲೀಕರು ಅದನ್ನು ಹಲವು ವರ್ಷ ಒಳಗಿಡುತ್ತಾರೆ, ಇಲ್ಲವೇ ಸದ್ದಿಲ್ಲದೆ ಖಾಸಗಿಯಾಗಿ ಮಾರುತ್ತಾರೆ.

ಆ ಗ್ಯಾರಂಟಿ ಎಂಬುದು ಇಂದಿನ ದೊಡ್ಡ ಹರಾಜುಗಳ ಜೀವನಾಡಿ. ಕೃತಿ ಎಷ್ಟಕ್ಕೇ ಹೋಗಲಿ, ಹೋಗದೆಯೇ ಇರಲಿ, ಇಷ್ಟು ಹಣ ನಿಮಗೆ ಖಚಿತ ಎಂದು ಸಂಸ್ಥೆ ಮಾರುವವರಿಗೆ ಮೊದಲೇ ಮಾತು ಕೊಡುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಹೀಗೆ ಮಾತು ಕೊಟ್ಟಿದ್ದ ಸಂಸ್ಥೆಗಳು ಕೈಸುಟ್ಟುಕೊಂಡವು. ಆಮೇಲೆ ಅವು ಈ ಅಪಾಯವನ್ನು ಹೊರಗಿನವರಿಗೆ ದಾಟಿಸುವುದು ರೂಢಿಯಾಯಿತು. ಒಬ್ಬ ಶ್ರೀಮಂತ ಸಂಗ್ರಾಹಕನೋ ಡೀಲರನೋ ‘ಬೇರೆ ಯಾರೂ ಬರದಿದ್ದರೆ 100ಕ್ಕೆ ನಾನೇ ಕೊಳ್ಳುತ್ತೇನೆ’ ಎಂದು ಹಿಂತೆಗೆಯಲಾಗದ ಬಿಡ್ ಬರೆದುಕೊಡುತ್ತಾನೆ. ಕೃತಿ 130ಕ್ಕೆ ಹೋದರೆ ಮೇಲಿನ 30ರಲ್ಲಿ ಅವನಿಗೆ ಪಾಲು, ಇಲ್ಲವೇ ನಿಗದಿತ ಶುಲ್ಕ. ಬೇರೆ ಯಾರೂ ಬರದಿದ್ದರೆ ಕೃತಿ ಅವನ ಮನೆಗೆ. ಕ್ಯಾಟಲಾಗಿನಲ್ಲಿ ಇಂಥ ಲಾಟುಗಳ ಪಕ್ಕ ಸಣ್ಣ ಚಿಹ್ನೆ ಹಾಕಿರುತ್ತಾರೆ. ಅದರ ಅರ್ಥ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿದೆ. ಬಿಡ್ ಮಾಡುವ ಮೊದಲು ಆ ಪುಟವನ್ನು ಓದಲೇಬೇಕು. ನಿಮ್ಮ ಎದುರು ಕೂಗುತ್ತಿರುವವರು ಸೋತರೂ ಗಳಿಸುವವರಾಗಿರಬಹುದು. ‘ಎಲ್ಲ ಲಾಟೂ ಮಾರಾಟ’ ಎಂಬ ಸುದ್ದಿಯ ಹಿಂದೆಯೂ ಇದೇ ಇರುತ್ತದೆ. ಅರ್ಧ ಲಾಟುಗಳು ಬಾಗಿಲು ತೆರೆಯುವ ಮೊದಲೇ ಮಾರಾಟವಾಗಿದ್ದರೆ ಆ ಸಂಜೆಯಿಂದ ಮಾರುಕಟ್ಟೆಯ ಆರೋಗ್ಯ ಅಳೆಯುವುದು ಕಷ್ಟ.

ಗ್ಯಾರಂಟಿ ಇದ್ದೂ ನಿಜವಾದ ಪೈಪೋಟಿ ನಡೆಯುವುದುಂಟು. 2025ರ ನವೆಂಬರ್‌ನಲ್ಲಿ ಲಿಯೊನಾರ್ಡ್ ಲಾಡರ್ ಸಂಗ್ರಹದಿಂದ ಬಂದ ಗುಸ್ತಾವ್ ಕ್ಲಿಮ್ಟ್‌ನ ಎಲಿಜಬೆತ್ ಲೆಡರರ್ ಭಾವಚಿತ್ರಕ್ಕಾಗಿ ಸದಬೀಸ್‌ನಲ್ಲಿ ಆರು ಮಂದಿ ಸುಮಾರು ಇಪ್ಪತ್ತು ನಿಮಿಷ ಸೆಣಸಿದರು. ಸುತ್ತಿಗೆ ಬಿದ್ದದ್ದು 20.5 ಕೋಟಿ ಡಾಲರ್‌ಗೆ, ಬಿಲ್ಲು 23.64 ಕೋಟಿಗೆ.

ಮಾರುವವರ ಕಮಿಷನ್ ಮಾತುಕತೆಯ ವಿಷಯ. ಸಾಧಾರಣ ಬೆಲೆಯ ಕೃತಿಗೆ ಸುತ್ತಿಗೆ ಬೆಲೆಯ ಶೇ 10ರ ಆಸುಪಾಸು ಕೊಡಬೇಕಾಗಬಹುದು. ಜೊತೆಗೆ ವಿಮೆ, ಸಾಗಣೆ, ಕೆಲವೆಡೆ ಕ್ಯಾಟಲಾಗಿನ ಛಾಯಾಚಿತ್ರದ ಖರ್ಚು. ಕೃತಿ ಮಾರಾಟವಾಗದಿದ್ದರೂ ಇವುಗಳಲ್ಲಿ ಕೆಲವನ್ನು ಕೇಳುತ್ತಾರೆ. ಹಾಗಾಗಿ ಒಪ್ಪಂದದಲ್ಲಿ ಆ ಸಾಲು ಎಲ್ಲಿದೆ ಎಂದು ಹುಡುಕಿ ಓದಬೇಕು. ಜಗತ್ತೇ ಬಯಸುವ ಕೃತಿ ಕೈಯಲ್ಲಿದ್ದರೆ ಕಮಿಷನ್ ಸೊನ್ನೆ. ಅದಕ್ಕೂ ಮೀರಿ, ಕೊಂಡವರ ಪ್ರೀಮಿಯಂನಲ್ಲೇ ಒಂದು ಪಾಲನ್ನು ಮಾರುವವರಿಗೆ ಕೊಡುವುದೂ ಉಂಟು. ಮಾರುವವರಿಗಾಗಿ ಪೈಪೋಟಿ ಇಷ್ಟು ತೀವ್ರವಾಗಿರುವುದರಿಂದಲೇ 1990ರ ದಶಕದಲ್ಲಿ ಸದಬೀಸ್ ಮತ್ತು ಕ್ರಿಸ್ಟೀಸ್ ಒಳಗೊಳಗೇ ಸೇರಿ ಕಮಿಷನ್ ದರ ನಿಗದಿ ಮಾಡಿಕೊಂಡವು. 2000ದಲ್ಲಿ ಅದು ಬಯಲಾಗಿ, ಗ್ರಾಹಕರ ಮೊಕದ್ದಮೆ ಇತ್ಯರ್ಥಕ್ಕೆ ಎರಡೂ ಸೇರಿ 51.2 ಕೋಟಿ ಡಾಲರ್ ತೆತ್ತವು. ಸದಬೀಸ್‌ನ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಟಾಬ್‌ಮನ್ ಜೈಲಿಗೆ ಹೋದರು.

ಇನ್ನು ಕ್ಯಾಟಲಾಗಿನ ಬರಹ. ಕಲಾವಿದನ ಹೆಸರು ಮಾತ್ರ ಇದ್ದರೆ, ಅದು ಅವನದೇ ಕೃತಿ ಎಂದು ಸಂಸ್ಥೆ ಹೊಣೆ ಹೊರುತ್ತಿದೆ ಎಂದರ್ಥ. ‘ಅಟ್ರಿಬ್ಯೂಟೆಡ್ ಟು’ ಎಂದಿದ್ದರೆ ಬಹುಶಃ ಅವನದು, ಖಚಿತವಿಲ್ಲ. ‘ಸ್ಟುಡಿಯೋ ಆಫ್’ ಎಂದರೆ ಅವನ ಕಾರ್ಯಶಾಲೆಯಲ್ಲಿ ಆದದ್ದು. ‘ಸರ್ಕಲ್ ಆಫ್’ ಎಂದರೆ ಅವನ ಕಾಲದ, ಅವನ ಪ್ರಭಾವಕ್ಕೆ ಒಳಗಾದ ಬೇರೊಬ್ಬರದು. ‘ಮ್ಯಾನರ್ ಆಫ್’ ಎಂದರೆ ಆ ಶೈಲಿಯಲ್ಲಿ ಮುಂದಿನ ಕಾಲದವರು ಮಾಡಿದ್ದು. ‘ಆಫ್ಟರ್’ ಎಂದರೆ ನಕಲು. ಒಂದೊಂದು ಪದಕ್ಕೂ ಬೆಲೆ ಹತ್ತಾರು ಪಟ್ಟು ಏರಿಳಿಯುತ್ತದೆ. ಲಿಯೊನಾರ್ಡೊನ ಕೈ ಎಂದು ಯಾರೂ ನಂಬದಿದ್ದಾಗ, 1958ರಲ್ಲಿ, ‘ಸಾಲ್ವತೋರ್ ಮುಂಡಿ’ ಲಂಡನ್ನಿನ ಹರಾಜಿನಲ್ಲಿ ಹೋದದ್ದು 45 ಪೌಂಡಿಗೆ. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1,175 ಡಾಲರ್‌ಗೆ. ಅದು ಎಷ್ಟರ ಮಟ್ಟಿಗೆ ಲಿಯೊನಾರ್ಡೊನ ಕೈ ಎಂಬ ವಾದ 45 ಕೋಟಿ ಡಾಲರ್ ಕೊಟ್ಟ ಮೇಲೂ ನಿಂತಿಲ್ಲ.

ನಮ್ಮ ಕಡೆಯವರು ಗಮನಿಸಬೇಕಾದ ಒಂದು ಗೊಂದಲವೂ ಇದೆ. ಹಳೆಯ ಮನೆಗಳ ಗೋಡೆಯಲ್ಲಿ ತೂಗುವ ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯವಾಗಿ ಅವನ ಮುದ್ರಣಾಲಯದಲ್ಲೋ ಮುಂದೆ ಬೇರೆಡೆಯೋ ಅಚ್ಚಾದ ಓಲಿಯೋಗ್ರಾಫ್‌ಗಳು. ಅವುಗಳಿಗೂ ಬೆಲೆ ಇದೆ. ಆದರೆ ಅದು ಮುದ್ರಿತ ಚಿತ್ರದ ಬೆಲೆ. ಅವನು ಕ್ಯಾನ್ವಾಸಿನ ಮೇಲೆ ಬಿಡಿಸಿದ ತೈಲಚಿತ್ರದ ಬೆಲೆಯೊಂದಿಗೆ ಹೋಲಿಸುವಂತಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಅಚ್ಚಿನ ಚುಕ್ಕೆಗಳು ಕಾಣುತ್ತವೆ. ಬೆಲೆ ಕಟ್ಟಿಸುವ ಮೊದಲು ಅದನ್ನು ಉಜ್ಜಿ ತೊಳೆಯುವುದು, ಹೊಸ ಚೌಕಟ್ಟಿಗೆ ತಕ್ಕಂತೆ ಅಂಚು ಕತ್ತರಿಸುವುದು ಬೇಡ. ಮುದ್ರಣಾಲಯದ ಹೆಸರು ಆ ಅಂಚಿನಲ್ಲೇ ಇರುತ್ತದೆ.

ಕೃತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಒಡೆತನದ ದಾಖಲೆ ಅಸಲಿತನದಷ್ಟೇ ಮುಖ್ಯ. ಉತ್ತರ ಪ್ರದೇಶದ ಪಿಪ್ರಾವಾ ಸ್ತೂಪದಲ್ಲಿ ಬುದ್ಧನ ಅಸ್ಥಿಗಳ ಜೊತೆ ಸಿಕ್ಕ ರತ್ನಗಳು ಅಸಲಿ ಎಂಬುದರಲ್ಲಿ ತಕರಾರಿರಲಿಲ್ಲ. ಆದರೂ 2025ರ ಮೇ 7ಕ್ಕೆ ಹಾಂಗ್‌ಕಾಂಗ್‌ನಲ್ಲಿ ನಡೆಯಬೇಕಿದ್ದ ಸದಬೀಸ್ ಹರಾಜು ಭಾರತ ಸರ್ಕಾರದ ನೋಟಿಸಿನಿಂದ ನಿಂತಿತು. ಗೋದ್ರೆಜ್ ಸಮೂಹ ಅವುಗಳನ್ನು ಕೊಂಡು, ಜುಲೈನಲ್ಲಿ ಅವು ಭಾರತಕ್ಕೆ ಮರಳಿದವು. ಟಿಪ್ಪುವಿನ ಸಿಂಹಾಸನವನ್ನು ಅಲಂಕರಿಸಿದ್ದ ಚಿನ್ನದ ಹುಲಿತಲೆಯೊಂದರ ವಿಷಯದಲ್ಲಿ ತಡೆ ಬಂದದ್ದು ಬ್ರಿಟಿಷ್ ಸರ್ಕಾರದಿಂದ. 15 ಲಕ್ಷ ಪೌಂಡ್ ಬೆಲೆಯ ಅದನ್ನು ಬ್ರಿಟನ್ನಿನಲ್ಲೇ ಯಾರಾದರೂ ಕೊಂಡು ಉಳಿಸಿಕೊಳ್ಳಲಿ ಎಂದು 2021ರಲ್ಲಿ ತಾತ್ಕಾಲಿಕ ರಫ್ತು ನಿರ್ಬಂಧ ಹೇರಿತು.

ಭಾರತದ ಕಾನೂನು ಇನ್ನೂ ಬಿಗಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಂತೆ 100 ವರ್ಷ ದಾಟಿದ ಕಲಾವಸ್ತುವನ್ನು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ವ್ಯಾಪಾರಕ್ಕೆ ಪರವಾನಗಿ ಬೇಕು. ವಯಸ್ಸು ಎಷ್ಟೇ ಇರಲಿ, ಒಂಬತ್ತು ಕಲಾವಿದರ ಕೃತಿಗಳಿಗೂ ಇದೇ ತಡೆ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ರವೀಂದ್ರನಾಥ, ಅವನೀಂದ್ರನಾಥ, ಗಗನೇಂದ್ರನಾಥ ಠಾಕೂರರು, ಶೈಲೋಜ್ ಮುಖರ್ಜಿ, ಮತ್ತು ನಿಕೋಲಸ್ ರೋರಿಕ್. ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿದ್ದ ಸ್ವೆಟೊಸ್ಲಾವ್ ರೋರಿಕ್ ಅವರ ತಂದೆ ಇವರು. ನಿರ್ಬಂಧ ಎಂದರೆ ಕೊಳ್ಳುವವರು ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ ಎಂಬುದು ಸಾಮಾನ್ಯ ತರ್ಕ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಸ್ಯಾಫ್ರನ್‌ಆರ್ಟ್ ಹರಾಜಿನಲ್ಲಿ ಶೇರ್‌ಗಿಲ್‌ರ 1937ರ ‘ದಿ ಸ್ಟೋರಿ ಟೆಲ್ಲರ್’ 61.8 ಕೋಟಿ ರೂಪಾಯಿಗೆ ಹೋಯಿತು. ಸುತ್ತಿಗೆ ಬೆಲೆ 51.5 ಕೋಟಿ, ಮೇಲೆ ಶೇ 20. ದೇಶದೊಳಗಿನ ಸಂಗ್ರಾಹಕರೇ ಈ ಮಟ್ಟಕ್ಕೆ ಬೆಳೆದಿದ್ದಾರೆ.

ಭಾರತದಲ್ಲಿ ಕೊಳ್ಳುವವರ ಬಿಲ್ಲು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಸುತ್ತಿಗೆ 10 ಲಕ್ಷಕ್ಕೆ ಬಿತ್ತು. ಪ್ರೀಮಿಯಂ ಶೇ 20, ಅಂದರೆ 2 ಲಕ್ಷ. ಆ ಪ್ರೀಮಿಯಂ ಸೇವಾಶುಲ್ಕವಾದ್ದರಿಂದ ಅದರ ಮೇಲೆ ಶೇ 18 ಜಿಎಸ್‌ಟಿ, 36,000. ಕೃತಿಗೆ ಜಿಎಸ್‌ಟಿ ಅನ್ವಯಿಸುವುದಾದರೆ ಶೇ 5ರಂತೆ 50,000. 2025ರ ಸೆಪ್ಟೆಂಬರ್‌ವರೆಗೆ ಇದು ಶೇ 12 ಇತ್ತು. ಒಟ್ಟು 12,86,000. ಸಾಗಣೆ, ಪ್ಯಾಕಿಂಗ್, ವಿಮೆ ಬೇರೆ. ಅತ್ತ ಮಾರಿದವರು ಶೇ 10 ಕಮಿಷನ್‌ಗೆ ಒಪ್ಪಿದ್ದರೆ ಅವರಿಗೆ ಸಿಗುವುದು 9 ಲಕ್ಷ, ಅದರ ಮೇಲಿನ ತೆರಿಗೆ ಬೇರೆ. ಇದೇ ಚಿತ್ರವನ್ನು ಇದೇ ದರಗಳಲ್ಲಿ ಮತ್ತೆ ಹರಾಜಿಗಿಟ್ಟು ಅಸಲು ವಾಪಸು ಪಡೆಯಬೇಕೆಂದರೆ ಸುತ್ತಿಗೆ ಸುಮಾರು 14.3 ಲಕ್ಷಕ್ಕೆ ಬೀಳಬೇಕು. ‘ಕಲೆಯಲ್ಲಿ ಹೂಡಿಕೆ ಮಾಡಿ’ ಎನ್ನುವವರು ಈ ಶೇ 43ರ ಕಂದಕದ ಮಾತೆತ್ತುವುದಿಲ್ಲ. ಕೊಂಡಂದಿನಿಂದಲೇ ಗೋಡೆಯ ಮೇಲೆ ಸಂತೋಷ ಕೊಡುವ ಚಿತ್ರವನ್ನೇ ಕೊಳ್ಳಬೇಕು ಎನ್ನಲು ನನಗೆ ಈ ಲೆಕ್ಕವೇ ಸಾಕು. ಬೆಂಗಳೂರಿನ ಚಿತ್ರಸಂತೆಯಲ್ಲಿ ಕಲಾವಿದರ ಕೈಯಿಂದ ನೇರವಾಗಿ ಕೊಂಡರೆ ಈ ಯಾವ ಪ್ರೀಮಿಯಮ್ಮೂ ಇಲ್ಲ, ಹಣವೂ ಬರೆದವರಿಗೇ ಹೋಗುತ್ತದೆ.

ಹರಾಜಿನಲ್ಲಿ ಬರೆದವರಿಗೆ ಏನು ಸಿಗುತ್ತದೆ? ಅದು ಹರಾಜು ನಡೆಯುವ ಊರಿನ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ 2006ರಿಂದ ಮರುಮಾರಾಟದ ಹಕ್ಕು ಜಾರಿಯಲ್ಲಿದೆ. ಕಲಾವಿದರಿಗೆ, ಅವರು ತೀರಿಕೊಂಡ ಮೇಲೆ 70 ವರ್ಷ ವಾರಸುದಾರರಿಗೆ, ಶೇ 4ರಿಂದ ಶುರುವಾಗಿ ಇಳಿಯುವ ದರದಲ್ಲಿ ಪಾಲು. ಆದರೆ ಒಂದು ಮಾರಾಟಕ್ಕೆ 12,500 ಪೌಂಡಿಗಿಂತ ಹೆಚ್ಚಿಲ್ಲ. ಅಮೆರಿಕದಲ್ಲಿ ಇಂಥ ರಾಷ್ಟ್ರೀಯ ಕಾನೂನೇ ಇಲ್ಲ. ಹಾಗಾಗಿ ‘ಗ್ರಾಮ ಯಾತ್ರಾ’ದ 1 ಕೋಟಿ 37.5 ಲಕ್ಷ ಡಾಲರ್‌ನಲ್ಲಿ ಹುಸೇನರ ವಾರಸುದಾರರು ಕಾನೂನಿನ ಬಲದಿಂದ ಕೇಳಬಹುದಾದ ಪಾಲು ಸೊನ್ನೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮು 10,000 ರೂಪಾಯಿಗೆ ಮೀರಿದ ಮರುಮಾರಾಟದಲ್ಲಿ ಕಲಾವಿದರಿಗೆ ಶೇ 10ರವರೆಗೆ ಪಾಲು ಕೊಡಿಸಲು ಅವಕಾಶ ಮಾಡಿದೆ. ಯುರೋಪಿಗಿಂತ ಉದಾರವಾದ ಈ ಕಲಮು ಕಾಗದದ ಮೇಲೆಯೇ ಉಳಿದಿದೆ. ಹರಾಜು ಮನೆಗಳ ಬಿಲ್ಲಿನಲ್ಲಿ ಪ್ರೀಮಿಯಂಗೆ ಒಂದು ಸಾಲಿದೆ, ಜಿಎಸ್‌ಟಿಗೆ ಎರಡು ಸಾಲಿವೆ. ಕಲಾವಿದರ ಪಾಲಿಗೂ ಒಂದು ಸಾಲು ಸೇರಿಸಲು ಹೊಸ ಕಾನೂನೇನೂ ಬೇಕಿಲ್ಲ, ಇರುವ ಕಲಮನ್ನು ಜಾರಿ ಮಾಡಿದರೆ ಆಯಿತು.